ವೈರಸ್ ಬಂದ್ರೆ ಇಂಗಾಲ ಮುಳುಗುತ್ತಾ, ತೇಲುತ್ತಾ?

ಇವತ್ತಿನ ಮಾತಿಗೆ ಒಂದು ಟೀ ಚಮಚ ಸಮುದ್ರದ ನೀರು ಸಾಕು. ಅಷ್ಟರಲ್ಲೇ ಸಾಮಾನ್ಯವಾಗಿ ಕೋಟಿಗಟ್ಟಲೆ ವೈರಸ್ ಇರ್ತವೆ. ಹೆದರ್ಬೇಡಿ, ಬಹುಪಾಲು ನಮ್ಮ ತಂಟೆಗೆ ಬರೋವಲ್ಲ. 1989ರಲ್ಲಿ ನಾರ್ವೆಯ ಬರ್ಗೆನ್ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇವನ್ನ ಎಣಿಸಿ ಲೆಕ್ಕ ಪ್ರಕಟಿಸಿದ ಮೇಲೆಯೇ ಜನ ಗಂಭೀರವಾಗಿ ಕೇಳೋಕೆ ಶುರುಮಾಡಿದ್ದು: ಇಷ್ಟೊಂದು ವೈರಸ್ ಅಲ್ಲಿ ಏನು ಮಾಡ್ತಿವೆ?

ಅವುಗಳಲ್ಲಿ ಹೆಚ್ಚಿನವು ಬ್ಯಾಕ್ಟೀರಿಯಾಗಳನ್ನ ಕೊಲ್ಲುತ್ತವೆ. ಫೈಟೋಪ್ಲಾಂಕ್ಟನ್‌ಗಳನ್ನ, ಅಂದ್ರೆ ಬಿಸಿಲಿನಲ್ಲಿ ಆಹಾರ ತಯಾರಿಸಿಕೊಳ್ಳೋ ಸಮುದ್ರದ ಸೂಕ್ಷ್ಮ ಸಸ್ಯಗಳನ್ನ ಕೊಲ್ಲೋವೂ ಇವೆ. ಭೂಮಿಯ ಮೇಲೆ ನಡೆಯೋ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ಈ ಕಣ್ಣಿಗೆ ಕಾಣದವರದ್ದು. ಅವು ಹೀರಿದ ಇಂಗಾಲದಲ್ಲಿ ಒಂದು ಪಾಲು ಆಳಕ್ಕೆ ಮುಳುಗಿದ್ರೆ ನೂರಾರು ವರ್ಷ ಗಾಳಿಗೆ ವಾಪಸ್ ಬರಲ್ಲ. ಮೇಲೆಯೇ ಕೊಳೆತರೆ ಬೇಗ ಬರುತ್ತೆ. ಎಷ್ಟು ಮುಳುಗುತ್ತೆ ಅನ್ನೋದು ಹವಾಮಾನದ ಲೆಕ್ಕಕ್ಕೆ ಬೇಕೇ ಬೇಕು.

ಈಗ ಲೆಕ್ಕ ಹೇಗೆ ಹಾಕ್ತಾರೆ ನೋಡಿ. ಕೋವಿಡ್ ಕಾಲದಲ್ಲಿ ಟಿವಿಯಲ್ಲಿ ಏರಿ ಇಳಿಯೋ ಗ್ರಾಫ್ ನೋಡಿದ್ರಲ್ಲ, ಇದೂ ಅದೇ ಕುಟುಂಬದ ಗಣಿತ. ಮೂರು ಡಬ್ಬಿ ಇಟ್ಟುಕೊಳ್ಳಿ: ಆರೋಗ್ಯವಂತ ಕೋಶಗಳು, ಸೋಂಕು ತಗುಲಿದ ಕೋಶಗಳು, ನೀರಲ್ಲಿ ಅಲೆಯೋ ವೈರಸ್‌ಗಳು. ಮೊದಲನೆಯವು ಒಡೆದು ಎರಡಾಗ್ತಾ ಹೋಗ್ತವೆ. ವೈರಸ್ ಅವಕ್ಕೆ ಈಜಿಕೊಂಡು ಹೋಗಿ ಅಂಟಲ್ಲ. ಆಕಸ್ಮಿಕವಾಗಿ ಡಿಕ್ಕಿ ಹೊಡೀಬೇಕು. ಹಾಗಾಗಿ ಎರಡೂ ಕಡೆ ಸಂಖ್ಯೆ ಹೆಚ್ಚಿದಷ್ಟೂ ಸೋಂಕು ಹೆಚ್ಚು. ಸೋಂಕಿನ ಕೋಶ ಸ್ವಲ್ಪ ಹೊತ್ತಿನ ಮೇಲೆ ಒಡೆದು ಹೊಸ ವೈರಸ್‌ಗಳನ್ನ ಹೊರಗೆ ಬಿಡುತ್ತೆ. ಬಿಸಿಲಿಗೆ ಒಂದಷ್ಟು ವೈರಸ್ ಕೆಟ್ಟೂ ಹೋಗ್ತವೆ. ಇಷ್ಟೇ ಸಮೀಕರಣ. ಯಾವ ಜಾತಿ ತುಂಬಾ ಬೆಳೆದು ಮೆರೆಯುತ್ತೋ ಅದಕ್ಕೇ ಮೊದಲು ಹೊಡೆತ ಬೀಳುತ್ತೆ ಅನ್ನೋದು ಇದರಿಂದಲೇ ಹೊರಡುತ್ತೆ.

ಕಷ್ಟ ಇರೋದು ಮುಂದೆ. ಒಡೆದ ಕೋಶದ ಇಂಗಾಲಕ್ಕೆ ಬಾಣದ ಗುರುತು ಯಾವ ಕಡೆಗೆ ಹಾಕಬೇಕು?

ಹಳೇ ಉತ್ತರ: ಮೇಲಕ್ಕೆ. ಕೋಶ ಒಡೆದ್ರೆ ಒಳಗಿನದೆಲ್ಲ ತಿಳಿಸಾರಿನ ಥರ ನೀರಲ್ಲಿ ಕರಗುತ್ತೆ, ಬ್ಯಾಕ್ಟೀರಿಯಾ ತಿಂದು ಇಂಗಾಲದ ಡೈಆಕ್ಸೈಡ್ ಆಗಿ ಬಿಡ್ತವೆ. ಮೀನಿನ ಕಡೆ ಹೋಗೋ ಊಟಕ್ಕೆ ಅಡ್ಡದಾರಿ ಬಿತ್ತು. ಇದನ್ನ ‘ವೈರಲ್ ಶಂಟ್’ ಅಂತಾರೆ. ದ್ಯುತಿಸಂಶ್ಲೇಷಣೆಯಲ್ಲಿ ಹಿಡಿದಿಟ್ಟ ಇಂಗಾಲದ ಶೇ 6ರಿಂದ 26ರಷ್ಟು ಈ ದಾರಿ ಹಿಡಿಯುತ್ತೆ ಅಂತ ವಿಲ್ಹೆಲ್ಮ್ ಮತ್ತು ಸಟಲ್ 1999ರಲ್ಲಿ ಅಂದಾಜು ಮಾಡಿದ್ರು. ಆರು ಎಲ್ಲಿ, ಇಪ್ಪತ್ತಾರು ಎಲ್ಲಿ! 2015ರಲ್ಲಿ ಜೋಶುವಾ ವೈಟ್ಜ್ ಮತ್ತು ಸಂಗಡಿಗರು ದೊಡ್ಡ ಮಾದರಿ ಕಟ್ಟಿ ವೈರಸ್ ಇರೋ ಸಮುದ್ರ, ಇಲ್ಲದ ಸಮುದ್ರ ಎರಡನ್ನೂ ಹೋಲಿಸಿದ್ರು. ವೈರಸ್ ಇದ್ದಲ್ಲಿ ಮೇಲಿನ ಹಂತದ ಪ್ರಾಣಿಗಳಿಗೆ ಆಹಾರ ಕಡಿಮೆ ತಲುಪಿತು, ಆದ್ರೆ ಒಟ್ಟು ಸಸ್ಯ ಉತ್ಪಾದನೆ ಜಾಸ್ತಿ ಆಯ್ತು. ಸತ್ತವು ಉಳಿದವಕ್ಕೆ ಗೊಬ್ಬರ ಆಗ್ತವೆ, ಅಷ್ಟೇ.

ಇನ್ನೊಂದು ಉತ್ತರ: ಕೆಳಕ್ಕೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಎಮಿಲಿಯಾನಿಯಾ ಹಕ್ಸ್‌ಲಿ ಅನ್ನೋ ಪಾಚಿ ಇದೆ. ಮೈತುಂಬಾ ಸುಣ್ಣದ ಬಿಲ್ಲೆ ಹೊತ್ತುಕೊಂಡಿರುತ್ತೆ. ಅದು ವಿಪರೀತ ಬೆಳೆದಾಗ ಸಮುದ್ರ ಹಾಲು ಬೆರೆಸಿದ ಹಾಗೆ ಕಾಣುತ್ತೆ, ಉಪಗ್ರಹದಿಂದಲೂ. ಇದಕ್ಕೆ ಅಂಟೋ ವೈರಸ್ ಬಂದಾಗ ಕೋಶಗಳು ಅಂಟಂಟು ಸಕ್ಕರೆ ಪದಾರ್ಥ ಸ್ರವಿಸ್ತವೆ. ಒಂದಕ್ಕೊಂದು ಮೆತ್ತಿ ಮುದ್ದೆ ಆಗುತ್ತೆ, ಸುಣ್ಣದ ಭಾರ ಬೇರೆ, ಮುಳುಗುತ್ತೆ. 2012ರ ಬೇಸಿಗೆಯಲ್ಲಿ ಹಡಗಿನಲ್ಲಿ ಹೋಗಿ ಅಳೆದವರು 2018ರಲ್ಲಿ ವರದಿ ಕೊಟ್ಟರು: ಸೋಂಕು ಶುರುವಾದ ಹಂತದಲ್ಲಿದ್ದ ಕಡೆ ಇಂಗಾಲ ಹೆಚ್ಚು ಇಳಿಯುತ್ತಿತ್ತು. ಇದರ ಹೆಸರು ‘ವೈರಲ್ ಶಟಲ್’. ಎರಡು ಹೆಸರೂ ಪ್ರಾಸಕ್ಕೆ ಇಟ್ಟ ಹಾಗಿವೆ, ನನಗೇ ಎಷ್ಟೋ ಸಲ ಅದಲುಬದಲಾಗಿದೆ. ಅದಕ್ಕೂ ಮೊದಲು, 2016ರಲ್ಲಿ, ತಾರಾ ಹಡಗಿನ ಮಾದರಿಗಳನ್ನ ನೋಡಿದವರಿಗೂ ಆಳಕ್ಕಿಳಿಯೋ ಇಂಗಾಲದ ಜತೆ ವೈರಸ್ ವಂಶವಾಹಿಗಳ ನಂಟು ಕಂಡಿತ್ತು.

ಅಂದ್ರೆ ಒಂದೇ ವೈರಸ್, ಎರಡು ವಿರುದ್ಧ ಫಲ. ಹವಾಮಾನದ ದೊಡ್ಡ ಮಾದರಿಗಳಲ್ಲಿ ಹೆಚ್ಚಿನವು ಇದನ್ನ ‘ಸಾವಿನ ಪ್ರಮಾಣ’ ಅನ್ನೋ ಒಂದು ಸಂಖ್ಯೆಯೊಳಗೆ ತುರುಕಿಬಿಟ್ಟಿರ್ತವೆ. ಪ್ರಾಣಿ ತಿಂದು ಸತ್ತಿದ್ದೂ ರೋಗ ಬಂದು ಸತ್ತಿದ್ದೂ ಅಲ್ಲಿ ಸರಿಯಾಗಿ ಬೇರೆಯಾಗಲ್ಲ. ನನ್ನ ಪ್ರಕಾರ ತಿದ್ದುಪಡಿ ಶುರುವಾಗಬೇಕಾದ್ದು ಆ ಎರಡನೇ ಡಬ್ಬಿಯಿಂದ. ಸೋಂಕಿನ ಕೋಶಕ್ಕೆ ಅದರದೇ ಮುಳುಗೋ ವೇಗ, ಅದರದೇ ಅಂಟುಗುಣ ಕೊಡಬೇಕು. ಆದ್ರೆ ಆ ಡಬ್ಬಿಗೆ ತುಂಬೋ ಸಂಖ್ಯೆ ಉಪಗ್ರಹದಿಂದ ಸಿಗಲ್ಲ. ಬಣ್ಣ ಕಾಣುತ್ತೆ, ಕಾಯಿಲೆ ಕಾಣಲ್ಲ. ಹಡಗಿನಲ್ಲಿ ಹೋಗಿ, ಬೇರೆ ಬೇರೆ ಆಳದಿಂದ ಬಾಟಲಿಯಲ್ಲಿ ನೀರು ಎತ್ತಿ, ಯಾವ ಕೋಶಕ್ಕೆ ಸೋಂಕು ತಗುಲಿದೆ ಅಂತ ಹುಡುಕಬೇಕು. ಅಷ್ಟರಲ್ಲಿ ಆ ಹಾಲುಬಣ್ಣ ಕರಗಿಹೋಗಿರಬಹುದು.