ಅಡಿಗೆಮನೆಯ ನಿಶಾಚರರು

ರಾತ್ರಿ ನೀರು ಕುಡಿಯಲೆಂದು ಎದ್ದು ಅಡಿಗೆಮನೆಯ ದೀಪವನ್ನು ಹಾಕಿದೊಡನೆ, ಕಟ್ಟೆಯ ಮೇಲಿಂದ, ಮೋರಿಯ ಅಂಚಿನಿಂದ, ಡಬ್ಬಗಳ ಸಂದಿನಿಂದ ಕಂದುಬಣ್ಣದ ಕೀಟಗಳು ಚದರಿ ಮಾಯವಾಗುವ ನೋಟವನ್ನು ಕಾಣದವರು ಮುಂಬಯಿಯ ಚಾಳುಗಳಲ್ಲಿಯೂ ಫ್ಲಾಟುಗಳಲ್ಲಿಯೂ ವಾಸಿಸುವ ನಮ್ಮ ವಿದ್ಯಾರ್ಥಿಗಳಲ್ಲಿ ವಿರಳ. ಕೆಲವರು ಕಿರಿಚುತ್ತಾರೆ, ಕೆಲವರು ಚಪ್ಪಲಿಯನ್ನು ಹುಡುಕುತ್ತಾರೆ. ಚಪ್ಪಲಿ ಕೈಗೆ ಸಿಗುವಷ್ಟರಲ್ಲಿ ಜಿರಲೆಯು ಗೋಡೆಯ ಬಿರುಕನ್ನು ಸೇರಿಬಿಟ್ಟಿರುತ್ತದೆ. ಮರುದಿನ ತಂದೆಯವರು ಅಂಗಡಿಯಿಂದ ಸಿಂಪಡಿಸುವ ಔಷಧವನ್ನು ತರುತ್ತಾರೆ. ಕೆಲವು ದಿನಗಳ ಮಟ್ಟಿಗೆ ಮನೆಯಲ್ಲಿ ನೆಮ್ಮದಿ. ಆಮೇಲೆ ಮತ್ತೆ ಅದೇ ನೋಟ! ಇಷ್ಟು ಸಣ್ಣ ಪ್ರಾಣಿಯ ಮುಂದೆ ನಾವು ಹೀಗೆ ಸೋಲುವುದೇಕೆ? ಶತ್ರುವಿನ ಸ್ವಭಾವವನ್ನು ಅರಿಯದೆ ಯುದ್ಧಕ್ಕೆ ಹೊರಟದ್ದೇ ಇದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ. ಆದುದರಿಂದ ಮೊದಲು ಜಿರಲೆಯ ಪರಿಚಯವನ್ನು ಮಾಡಿಕೊಳ್ಳೋಣ.

ನಮ್ಮ ಮನೆಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಜಿರಲೆಗಳುಂಟು. ಒಂದು, ಸುಮಾರು ನಾಲ್ಕು ಸೆಂಟಿಮೀಟರ್ ಉದ್ದದ ಕೆಂಗಂದು ಬಣ್ಣದ ದೊಡ್ಡ ಜಿರಲೆ. ಗಟಾರ, ಚರಂಡಿಯ ಕೊಳವೆ, ಕಟ್ಟಡದ ತಳಭಾಗ, ಇವು ಅದರ ನೆಲೆ. ರಾತ್ರಿಯಲ್ಲಿ ಮೋರಿಯ ತೂತಿನಿಂದ ಮೇಲಕ್ಕೆ ಬರುತ್ತದೆ. ಇದಕ್ಕೆ ವಿಜ್ಞಾನಿಗಳು ‘ಅಮೇರಿಕದ ಜಿರಲೆ’ ಎಂದು ಹೆಸರಿಟ್ಟಿದ್ದಾರೆ. ಇನ್ನೊಂದು, ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯದ, ತಲೆಯ ಹಿಂದೆ ಎರಡು ಕಪ್ಪು ಗೆರೆಗಳುಳ್ಳ ಸಣ್ಣ ಜಿರಲೆ. ಇದು ‘ಜರ್ಮನ್ ಜಿರಲೆ’. ಇದು ಚರಂಡಿಯ ವಾಸಿಯಲ್ಲ. ಮನುಷ್ಯನ ಅಡಿಗೆಮನೆಯೇ ಇದರ ಮನೆ. ಒಲೆಯ ಕೆಳಗೆ, ಫ್ರಿಜ್ಜಿನ ಹಿಂದೆ, ಕಪಾಟಿನ ತಿರುಗಣಿಯ ಸಂದಿನಲ್ಲಿ, ಎಲ್ಲಿ ಬೆಚ್ಚಗೂ ತೇವವಾಗಿಯೂ ಇರುವುದೋ ಅಲ್ಲಿ ಇದು ಸಂಸಾರ ಹೂಡುತ್ತದೆ. ನಮಗೆ ಹೆಚ್ಚು ತೊಂದರೆ ಕೊಡುವುದು ಈ ಸಣ್ಣದೇ.

ಹೆಸರನ್ನು ಕೇಳಿ, ಇದು ಜರ್ಮನಿಯಿಂದ ಹಡಗನ್ನೇರಿ ನಮ್ಮಲ್ಲಿಗೆ ಬಂದಿತೆಂದು ತಿಳಿಯಬೇಡಿರಿ. 1767ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ಎಂಬ ಪ್ರಸಿದ್ಧ ವಿಜ್ಞಾನಿಯು ಇದಕ್ಕೆ ಆ ಹೆಸರನ್ನಿಟ್ಟನು. ಆದರೆ 2024ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಹದಿನೇಳು ದೇಶಗಳಿಂದ ತಂದ ಜಿರಲೆಗಳ ವಂಶವಾಹಿಗಳನ್ನು ಪರೀಕ್ಷಿಸಿದಾಗ, ಇದರ ಮೂಲಸ್ಥಾನವು ಭಾರತ ಅಥವಾ ಮ್ಯಾನ್ಮಾರ್ ಎಂದು ಕಂಡುಬಂದಿತು. ಸುಮಾರು 2,100 ವರ್ಷಗಳ ಹಿಂದೆ ಹೊಲಗಾಡುಗಳನ್ನು ಬಿಟ್ಟು ಇದು ಮನುಷ್ಯನ ಮನೆಯನ್ನು ಸೇರಿತಂತೆ. ಹಳ್ಳಿಯನ್ನು ಬಿಟ್ಟು ನಗರವನ್ನು ಸೇರಿದವರಲ್ಲಿ ನಾವೇ ಮೊದಲಿಗರೆಂದು ಹೇಳಿಕೊಳ್ಳುವಂತಿಲ್ಲ!

ಜಿರಲೆಯ ದೇಹರಚನೆಯು ಬದುಕುವುದಕ್ಕಾಗಿಯೇ ಮಾಡಿದಂತಿದೆ. ಉದ್ದನೆಯ ಎರಡು ಮೀಸೆಗಳಿಂದ ಅದು ಕತ್ತಲೆಯಲ್ಲಿ ವಾಸನೆಯನ್ನೂ ಸ್ಪರ್ಶವನ್ನೂ ಅರಿಯುತ್ತದೆ. ಹಿಂಭಾಗದಲ್ಲಿ ಎರಡು ಸಣ್ಣ ಮೊನೆಗಳಿವೆ. ಅವುಗಳ ಮೇಲಿನ ನವುರಾದ ರೋಮಗಳು ಗಾಳಿಯ ಅತ್ಯಲ್ಪ ಚಲನೆಯನ್ನೂ ಗ್ರಹಿಸುತ್ತವೆ. ನೀವು ಚಪ್ಪಲಿಯನ್ನು ಎತ್ತಿದಾಗ ಹುಟ್ಟುವ ಗಾಳಿಯೇ ಅದಕ್ಕೆ ಮುನ್ನೆಚ್ಚರಿಕೆ. ದೇಹವನ್ನು ಚಪ್ಪಟೆ ಮಾಡಿಕೊಂಡು ದೊಡ್ಡ ಜಿರಲೆಯೂ ಸುಮಾರು ಮೂರು ಮಿಲಿಮೀಟರ್ ಬಿರುಕಿನಲ್ಲಿ ನುಸುಳಬಲ್ಲುದು.

ಹೆಣ್ಣು ಜಿರಲೆಯು ತತ್ತಿಗಳನ್ನು ಬಿಡಿಯಾಗಿ ಇಡುವುದಿಲ್ಲ; ಗಟ್ಟಿಯಾದ ಒಂದು ಕೋಶದಲ್ಲಿ ಸಾಲಾಗಿ ಜೋಡಿಸುತ್ತದೆ. ದೊಡ್ಡ ಜಿರಲೆಯ ಕೋಶದಲ್ಲಿ ಸುಮಾರು ಹದಿನೈದು ತತ್ತಿಗಳು. ಅದನ್ನು ಯಾವುದಾದರೊಂದು ಮೂಲೆಗೆ ಅಂಟಿಸಿ ಹೋಗಿಬಿಡುತ್ತದೆ. ಸಣ್ಣ ಜಿರಲೆಯಾದರೋ ಮೂವತ್ತು ನಲವತ್ತು ತತ್ತಿಗಳ ಕೋಶವನ್ನು ಮರಿಗಳು ಹೊರಬರುವ ಹೊತ್ತಿನವರೆಗೂ ತನ್ನ ದೇಹಕ್ಕೆ ಅಂಟಿಸಿಕೊಂಡೇ ತಿರುಗುತ್ತದೆ. ಮರಿಗಳು ಹಲವು ಸಲ ಪೊರೆ ಬಿಟ್ಟು, ಅನುಕೂಲವಾದ ಹವೆಯಲ್ಲಿ ಸುಮಾರು ಎರಡು ತಿಂಗಳಲ್ಲಿ ಪ್ರಾಯಕ್ಕೆ ಬರುತ್ತವೆ. ಲೆಕ್ಕ ಮಾಡಿ ನೋಡಿರಿ: ಒಂದು ಕೋಶದಿಂದ 30 ಮರಿಗಳು, ಅವುಗಳಲ್ಲಿ ಅರ್ಧ ಹೆಣ್ಣೆಂದು ಹಿಡಿದರೆ 15, ಅವು ಒಂದೊಂದೇ ಕೋಶವನ್ನು ಹೊತ್ತರೂ ಮುಂದಿನ ತಲೆಮಾರಿಗೆ 450! ಸಿಂಪಡಿಸಿದ ಔಷಧವು ಕೋಶದೊಳಕ್ಕೆ ಇಳಿಯುವುದಿಲ್ಲ. ತಾಯಂದಿರು ಸತ್ತರೂ ಕೋಶಗಳು ಉಳಿದರೆ ಸೈನ್ಯವು ಮತ್ತೆ ಸಿದ್ಧವಾಗುತ್ತದೆ.

ಆದರೆ ಈ ವೀರನಿಗೂ ಒಂದು ದೌರ್ಬಲ್ಯವಿದೆ, ಅದೇ ನೀರು. ಆಹಾರವಿಲ್ಲದೆ ನೀರು ಮಾತ್ರ ದೊರೆತರೆ ಸಣ್ಣ ಜಿರಲೆಯು ಸುಮಾರು ಒಂದು ತಿಂಗಳು ಬದುಕುತ್ತದೆ. ಎರಡೂ ಇಲ್ಲದಿದ್ದರೆ ಎರಡು ವಾರಗಳು ಕಳೆಯುವುದೂ ಕಷ್ಟ. ‘ಊರಿಗೆ ಬಂದವಳು ನೀರಿಗೆ ಬಾರದಿರುವಳೇ’ ಎಂಬ ಗಾದೆಯು ಇದಕ್ಕೂ ಸಲ್ಲುತ್ತದೆ. ಮುಂಬಯಿಯಲ್ಲಿ ನಳದ ನೀರು ಗೊತ್ತಾದ ಹೊತ್ತಿಗೆ ಮಾತ್ರ ಬರುವುದರಿಂದ ನಾವು ಕೊಡ, ಪೀಪಾಯಿಗಳಲ್ಲಿ ತುಂಬಿಡುತ್ತೇವೆ. ಪೀಪಾಯಿಯ ಬುಡದ ಒದ್ದೆ, ತೊಟ್ಟಿಕ್ಕುವ ನಳ, ರಾತ್ರಿಯಿಡೀ ಮೋರಿಯಲ್ಲಿ ಬಿದ್ದಿರುವ ಎಂಜಲು ತಾಟುಗಳು, ಹಿಂಡದೆ ಬಿಟ್ಟ ಒರೆಸುವ ಬಟ್ಟೆ, ಇವೆಲ್ಲ ಜಿರಲೆಗೆ ನಾವೇ ಇಟ್ಟ ಅರವಟ್ಟಿಗೆಗಳು.

ಜಿರಲೆಯಿಂದ ಆಗುವ ಕೇಡೇನು? ಹೊಲಸಿನಲ್ಲಿ ನಡೆದ ಕಾಲುಗಳಿಂದಲೇ ಅನ್ನದ ಮೇಲೆಯೂ ನಡೆಯುವುದರಿಂದ ಹೊಟ್ಟೆಯ ಕಾಯಿಲೆಗಳ ರೋಗಾಣುಗಳನ್ನು ಅದು ಹೊತ್ತು ತರಬಲ್ಲುದು. ಇದು ಬಹುಮಂದಿಗೆ ಗೊತ್ತು. ಗೊತ್ತಿಲ್ಲದ ಇನ್ನೊಂದು ಕೇಡಿದೆ. ಜಿರಲೆಯ ಹಿಕ್ಕೆ, ಅದು ಬಿಟ್ಟ ಪೊರೆ, ಸತ್ತ ದೇಹ, ಇವು ಒಣಗಿ ಪುಡಿಯಾಗಿ ಮನೆಯ ಧೂಳಿನಲ್ಲಿ ಬೆರೆಯುತ್ತವೆ. ಆ ಧೂಳು ಕೆಲವರಿಗೆ ಒಗ್ಗುವುದಿಲ್ಲ. ಅಂಥವರಿಗೆ ಉಬ್ಬಸವನ್ನು ಕೆರಳಿಸುತ್ತದೆ. 1997ರಲ್ಲಿ ಅಮೇರಿಕದ ನಗರಗಳ ಉಬ್ಬಸ ರೋಗಿಗಳಾದ 476 ಮಕ್ಕಳ ಅಧ್ಯಯನವೊಂದು ಪ್ರಕಟವಾಯಿತು. ಜಿರಲೆಯ ಧೂಳು ಒಗ್ಗದ, ಮತ್ತು ಮಲಗುವ ಕೋಣೆಯಲ್ಲಿಯೇ ಆ ಧೂಳು ಹೆಚ್ಚಾಗಿದ್ದ ಮಕ್ಕಳು, ಉಳಿದ ಮಕ್ಕಳಿಗಿಂತ ಮೂರು ಪಟ್ಟಿಗೂ ಹೆಚ್ಚು ಸಲ ಆಸ್ಪತ್ರೆಯನ್ನು ಸೇರಬೇಕಾಗಿ ಬಂದಿತೆಂದು ಅದರಲ್ಲಿ ತಿಳಿದುಬಂದಿತು.

ಈ ವಿಷಯವು ನನಗೆ ಪುಸ್ತಕದಿಂದ ಮಾತ್ರ ತಿಳಿದುದಲ್ಲ. ನಾನು ವಾಸಿಸುವ ಚಾಳಿನಲ್ಲಿ ನಮ್ಮ ಮಗ್ಗುಲ ಕೋಣೆಯವರಿಗೆ ಎಂಟು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಮಳೆಗಾಲ ಬಂದಿತೆಂದರೆ ಅವಳಿಗೆ ರಾತ್ರಿಯೆಲ್ಲ ಉಬ್ಬಸ. ಗೋಡೆಯಾಚೆಯಿಂದ ಆ ಮಗುವಿನ ಉಸಿರಿನ ಸಪ್ಪಳವು ನಮಗೆ ಕೇಳಿಸುತ್ತಿತ್ತು. ಒಂದು ದಿನ ಅವಳ ತಂದೆಯವರು ಊರಲ್ಲಿಲ್ಲದ ಕಾರಣ ವೈದ್ಯರ ಬಳಿಗೆ ನಾನೂ ಜೊತೆಗೆ ಹೋಗಿದ್ದೆನು. “ಮನೆಯಲ್ಲಿ ಜಿರಲೆಗಳಿವೆಯೇ?” ಎಂದು ವೈದ್ಯರು ಕೇಳಿದರು. ತಾಯಿ ನನ್ನ ಕಡೆಗೊಮ್ಮೆ ನೋಡಿ, “ಇಲ್ಲ ಡಾಕ್ಟರೇ, ನಾನು ದಿನಾ ನೆಲ ತೊಳೆಯುತ್ತೇನೆ” ಎಂದರು. ಆಗ ಹುಡುಗಿಯು ಏದುಸಿರಿನ ನಡುವೆಯೇ, “ಇವೆಯಲ್ಲಮ್ಮಾ, ನನ್ನ ಹಾಸಿಗೆಯ ಹತ್ತಿರವೂ ಬರುತ್ತವೆ” ಎಂದಳು. ತಾಯಿ ತಲೆ ತಗ್ಗಿಸಿದರು.

ಆ ತಾಯಿ ನೆಲ ತೊಳೆಯುತ್ತಿದ್ದುದು ಸುಳ್ಳಲ್ಲ. ಅವರ ಕೋಣೆಯು ನಮ್ಮ ಕೋಣೆಗಿಂತ ಚೊಕ್ಕಟ. ಆದರೆ ನಮ್ಮ ಮಹಡಿಯ ಹತ್ತು ಕೋಣೆಗಳ ನೀರಿನ ಕೊಳವೆಗಳೂ ಮೋರಿಯ ಕೊಳವೆಗಳೂ ಒಂದೇ ಗೋಡೆಯೊಳಗಿಂದ ಹಾದುಹೋಗುತ್ತವೆ. ಕೊಳವೆಯ ಸುತ್ತಣ ಸಂದು ನಮಗೆ ಬರಿಯ ಸಂದು. ಜಿರಲೆಗೆ ಅದು ರಾಜಮಾರ್ಗ. ಒಂದು ಮನೆಯವರು ಔಷಧ ಸಿಂಪಡಿಸಿದ ರಾತ್ರಿ ಜಿರಲೆಗಳು ನೆರೆಮನೆಗೆ ಸರಿಯುತ್ತವೆ. ನೆರೆಯವರು ಸಿಂಪಡಿಸಿದಾಗ ಹಿಂದಿರುಗುತ್ತವೆ. ಹತ್ತು ಮನೆಯವರೂ ಪ್ರತ್ಯೇಕವಾಗಿ ಹಣ ವೆಚ್ಚ ಮಾಡಿ, ಒಬ್ಬರ ಜಿರಲೆಯನ್ನು ಇನ್ನೊಬ್ಬರ ಮನೆಗೆ ಅಟ್ಟುತ್ತಿದ್ದೆವು. ನಾಚಿಕೆಯಿಂದ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಸಿಂಪಡಿಸುವ ಔಷಧಕ್ಕೆ ಇನ್ನೊಂದು ಕೊರತೆಯೂ ಇದೆ. ಪದೇ ಪದೇ ಒಂದೇ ವಿಷವನ್ನು ಬಳಸಿದರೆ ಅದನ್ನು ತಾಳಿಕೊಂಡ ಜಿರಲೆಗಳು ಮಾತ್ರ ಉಳಿದು, ಅವುಗಳ ಸಂತತಿಯೇ ಬೆಳೆಯುತ್ತದೆ. ಕ್ಲೋರ್ಡೇನ್ ಎಂಬ ವಿಷಕ್ಕೆ ಜಗ್ಗದ ಜಿರಲೆಗಳು 1950ರ ದಶಕದ ಆರಂಭದಲ್ಲಿಯೇ ಅಮೇರಿಕದಲ್ಲಿ ಕಂಡುಬಂದಿದ್ದವು. ಇನ್ನೂ ಸೋಜಿಗವೆಂದರೆ, ವಿಷಾಹಾರದಲ್ಲಿ ಬೆರೆಸುತ್ತಿದ್ದ ಗ್ಲೂಕೋಸನ್ನೇ ಮುಟ್ಟದ ಜಿರಲೆಗಳು ಹುಟ್ಟಿಕೊಂಡವು. ಅವುಗಳ ನಾಲಗೆಗೆ ಆ ಸಿಹಿಯು ಕಹಿಯಾಗಿ ತೋರುತ್ತದೆಂದು 2013ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ಸೀಮೆಸುಣ್ಣದಂತೆ ಗೆರೆಯೆಳೆಯುವ ವಿಷದ ಕಡ್ಡಿಯ ಬಗೆಗೂ ಎಚ್ಚರಿಕೆ ಬೇಕು. ಅದು ನಿಮ್ಮ ತಮ್ಮತಂಗಿಯರ ಕೈಗೆ ಸಿಕ್ಕಿದರೆ ಹಲಗೆಯ ಬಳಪವೆಂದೇ ಭಾವಿಸಿ ಬಾಯಿಗೆ ಹಾಕಿಕೊಂಡಾರು. ಉಬ್ಬಸದ ಮಕ್ಕಳಿರುವ ಮನೆಯಲ್ಲಿ ಘಾಟಿನ ಔಷಧವನ್ನು ಸಿಂಪಡಿಸುವುದೂ ಹಿತವಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಅನ್ನನೀರುಗಳನ್ನು ತಪ್ಪಿಸಬೇಕು. ಮಲಗುವ ಮುನ್ನ ಪಾತ್ರೆಗಳನ್ನು ತೊಳೆದು, ಕಟ್ಟೆಯನ್ನೂ ಮೋರಿಯನ್ನೂ ಒಣಬಟ್ಟೆಯಿಂದ ಒರೆಸಿ, ಹಿಟ್ಟುಬೇಳೆಗಳ ಡಬ್ಬಗಳನ್ನು ಬಿಗಿಯಾಗಿ ಮುಚ್ಚಿ, ಕಸವನ್ನು ಹೊರಗೆ ಹಾಕಬೇಕು. ಎರಡನೆಯದಾಗಿ, ಮನೆಗಳನ್ನು ಕಸಿದುಕೊಳ್ಳಬೇಕು. ರದ್ದಿಯ ಕಟ್ಟುಗಳನ್ನೂ ರಟ್ಟಿನ ಪೆಟ್ಟಿಗೆಗಳನ್ನೂ ಹೊರಹಾಕಿ, ಕೊಳವೆಗಳ ಸುತ್ತಣ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿ, ಮೋರಿಯ ತೂತಿಗೆ ಸಣ್ಣ ಕಣ್ಣಿನ ಜಾಲರಿಯನ್ನು ಕೂರಿಸಬೇಕು. ಮೂರನೆಯದಾಗಿ, ಹಿಡಿದು ಕೊಲ್ಲುವ ಬದಲು ತಿನ್ನಿಸಿ ಕೊಲ್ಲಬೇಕು. ಕೇರಂ ಹಲಗೆಯ ಮೇಲೆ ಉದುರಿಸಲು ಕೆಲವರು ಬಳಸುವ ಬೋರಿಕ್ ಪುಡಿಯನ್ನು ಹಿಟ್ಟುಸಕ್ಕರೆಗಳೊಡನೆ ಕಲಸಿದ ಉಂಡೆಗಳನ್ನು, ಅಥವಾ ಅಂಗಡಿಯಲ್ಲಿ ದೊರೆಯುವ ಜೆಲ್ ಎಂಬ ಅಂಟಾದ ವಿಷಾಹಾರದ ಸಣ್ಣ ಚುಕ್ಕೆಗಳನ್ನು ಸಂದುಗೊಂದುಗಳಲ್ಲಿ ಇಡಬೇಕು. ಇದನ್ನು ತಿಂದ ಜಿರಲೆಯು ತನ್ನ ಬಿಲಕ್ಕೆ ಹೋಗಿ ಸಾಯುತ್ತದೆ. ಜೆಲ್ಲನ್ನು ತಿಂದುದರ ಹಿಕ್ಕೆಯನ್ನೂ ಹೆಣವನ್ನೂ ತಿಂದು ಇತರ ಜಿರಲೆಗಳೂ ಸಾಯುವುದುಂಟು. ಜೆಲ್ ಇಟ್ಟ ಜಾಗದ ಬಳಿ ಸಿಂಪಡಿಸಬಾರದು. ಸಿಂಪಡಿಸಿದರೆ ಜಿರಲೆಗಳು ಅತ್ತ ಸುಳಿಯುವುದಿಲ್ಲ. ಕೋಶಗಳಿಂದ ಹೊಸ ಮರಿಗಳು ಬರುವುದರಿಂದ ಕೆಲವು ವಾರಗಳ ನಂತರ ಮತ್ತೆ ಇಡಬೇಕು. ಎರಡೂ ವಿಷಗಳೇ ಆದುದರಿಂದ ಇದು ಹಿರಿಯರ ಕೆಲಸ. ಮಕ್ಕಳ ಕೈಗೂ ಆಹಾರಕ್ಕೂ ದೂರವಿರಲಿ.

ನಾಲ್ಕನೆಯದೂ ಮುಖ್ಯವೂ ಆದ ಉಪಾಯವೆಂದರೆ, ಇವೆಲ್ಲವನ್ನೂ ಎಲ್ಲ ಮನೆಯವರೂ ಒಂದೇ ದಿನ ಮಾಡುವುದು. ವೈದ್ಯರ ಬಳಿಯಿಂದ ಬಂದ ಆ ಸಂಜೆ ನಾನು ನನ್ನ ನೆರೆಯವರಿಗೆ, “ನಮ್ಮ ಮನೆಯಲ್ಲಿಯೂ ಇವೆಯಮ್ಮಾ, ಬೇಕಾದಷ್ಟಿವೆ” ಎಂದೆನು. ಅಷ್ಟು ಹೇಳುವುದಕ್ಕೆ ನನಗೆ ಅನೇಕ ವರ್ಷಗಳು ಬೇಕಾಗಿದ್ದವು! ಮರುದಿನ ಗ್ಯಾಲರಿಯಲ್ಲಿ ಮಾತು ಹರಡಿತು. ಕನ್ನಡ, ಮರಾಠಿ, ಗುಜರಾತಿ, ಎಲ್ಲ ಭಾಷೆಗಳಲ್ಲಿಯೂ ಒಂದೇ ದೂರು ಕೇಳಿಬಂದಿತು. ಒಂದು ಭಾನುವಾರ ಹತ್ತೂ ಮನೆಯವರು ಕಪಾಟುಗಳನ್ನು ಹೊರಗಿಟ್ಟು ತೊಳೆದೆವು. ವಂತಿಗೆ ಕೂಡಿಸಿ ಸಂದುಗಳನ್ನು ಮುಚ್ಚಿಸಿದೆವು. ಅದೇ ರಾತ್ರಿ ಎಲ್ಲರ ಮನೆಯಲ್ಲಿಯೂ ಜೆಲ್ ಇಟ್ಟೆವು. ತಿಂಗಳಿಗೊಮ್ಮೆಯಂತೆ ಮೂರು ಸಲ ಹೀಗೆ ಮಾಡಿದ ಮೇಲೆ, ದೀಪ ಹಾಕಿದಾಗ ಓಡುವ ಜಿರಲೆಗಳನ್ನು ಬೆರಳಲ್ಲಿ ಎಣಿಸುವಂತಾಯಿತು. ಪೂರ್ತಿ ತೊಲಗಿದವೆಂದು ಹೇಳಲಾರೆನು. ಹುಡುಗಿಯ ಉಬ್ಬಸವೂ ಪೂರ್ತಿ ವಾಸಿಯಾಗಿಲ್ಲ. ವೈದ್ಯರ ಔಷಧವು ನಡೆದೇ ಇದೆ. ಆದರೆ ಮುಂದಿನ ಮಳೆಗಾಲದಲ್ಲಿ ಗೋಡೆಯಾಚೆಯ ಆ ಸಪ್ಪಳವು ನಮಗೆ ಕೇಳಿಸಿದ ರಾತ್ರಿಗಳು ಬಹಳ ಕಡಿಮೆ.

ವಿದ್ಯಾರ್ಥಿಗಳೇ, ಇಂದು ರಾತ್ರಿ ಊಟವಾದ ಮೇಲೆ ನಿಮ್ಮ ಮನೆಯ ಮೋರಿಯನ್ನು ಒಮ್ಮೆ ಒಣಗುವಂತೆ ಒರೆಸಿ ನೋಡಿರಿ. ನಾಳೆ ಬೆಳಗ್ಗೆ ನೆರೆಮನೆಯ ಗೆಳೆಯನನ್ನು, “ನಿಮ್ಮಲ್ಲಿ ಜಿರಲೆಗಳಿವೆಯೇ?” ಎಂದು ಕೇಳಿರಿ. ಕೇಳುವ ಮುನ್ನ, “ನಮ್ಮಲ್ಲಿ ಇವೆ” ಎಂದು ಹೇಳಲು ಮರೆಯದಿರಿ.