ಚಾಲನೆಯ ವೇಳೆ ಕಾರಿನ ಎಂಜಿನ್ ಸ್ಥಗಿತ

ಚಾಲನೆಯ ವೇಳೆ ಎಂಜಿನ್ ಸ್ಥಗಿತ ಎಂದರೆ ಓಡುತ್ತಿರುವ ಕಾರಿನ ಎಂಜಿನ್ ಚಾಲಕನ ಇಚ್ಛೆಯಿಲ್ಲದೆ ನಿಂತುಹೋಗುವುದು. ಆಡುಮಾತಿನಲ್ಲಿ ಇದನ್ನು ಗಾಡಿ ‘ಬಂದ್ ಬೀಳುವುದು’ ಅಥವಾ ‘ಆಫ್ ಆಗುವುದು’ ಎನ್ನುತ್ತಾರೆ. ಕ್ಲಚ್ಚನ್ನು ಬೇಗ ಬಿಟ್ಟಾಗ ಎಂಜಿನ್ ನಿಲ್ಲುವುದು ಚಾಲನೆಯ ತಪ್ಪೇ ಹೊರತು ದೋಷವಲ್ಲ. ವೇಗದಲ್ಲಿರುವಾಗ ಮುನ್ಸೂಚನೆಯಿಲ್ಲದೆ ಸಂಭವಿಸುವ ಸ್ಥಗಿತವು ಸುರಕ್ಷತಾ ದೋಷವೆನಿಸುತ್ತದೆ. ಭಾರತದಲ್ಲಿ 2020ರಿಂದೀಚೆಗೆ ಇಂತಹ ದೋಷದ ಸಾಧ್ಯತೆಯಿಂದಾಗಿ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ತಯಾರಕರು ಹಿಂಪಡೆದಿದ್ದಾರೆ.

ಅಪಾಯದ ಸ್ವರೂಪ

ಎಂಜಿನ್ ನಿಂತರೂ ಬ್ರೇಕ್ ತಕ್ಷಣ ಕೈಕೊಡುವುದಿಲ್ಲ. ಬ್ರೇಕ್ ಬೂಸ್ಟರಿನಲ್ಲಿ ಉಳಿದಿರುವ ನಿರ್ವಾತವು ಒಂದೆರಡು ಬಾರಿ ಪೆಡಲ್ ಒತ್ತುವಷ್ಟಕ್ಕೆ ಸಾಲುತ್ತದೆ. ಅನಂತರ ಪೆಡಲ್ ಗಟ್ಟಿಯಾಗುತ್ತದೆ. ಆದುದರಿಂದ ಬ್ರೇಕನ್ನು ಮತ್ತೆ ಮತ್ತೆ ಒತ್ತಿ ಬಿಡದೆ ಒಮ್ಮೆಲೇ ಸ್ಥಿರವಾಗಿ ಒತ್ತುವುದು ಸೂಕ್ತ. ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇರುವ ಕಾರುಗಳಲ್ಲಿ ಚಕ್ರ ತಿರುಗಿಸಲು ಹೆಚ್ಚಿನ ಬಲ ಬೇಕಾಗುತ್ತದೆ. ಹೆದ್ದಾರಿಯಲ್ಲಿ ಹಿಂದಿನಿಂದ ಲಾರಿಗಳು ಬರುತ್ತಿರುವಾಗ ಕಾರು ವೇಗ ಕಳೆದುಕೊಳ್ಳುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ.

ಕಾರಣಗಳು

ಕೊಳೆತುಂಬಿದ ಥ್ರಾಟಲ್ ಬಾಡಿ, ಕಟ್ಟಿಕೊಂಡ ಇಂಧನ ಫಿಲ್ಟರ್, ಡೀಸೆಲ್‌ನಲ್ಲಿ ಸೇರಿದ ನೀರು, ಸಡಿಲವಾದ ವೈರಿಂಗ್ ಇವು ಸಾಮಾನ್ಯ ಕಾರಣಗಳು. ಕ್ರ್ಯಾಂಕ್ ಸೆನ್ಸರ್ ದೋಷವು ವಿಶೇಷವಾಗಿ ಗೊಂದಲಕ್ಕೀಡುಮಾಡುವಂಥದು. ಬಿಸಿಯಾದಾಗ ಸಂಕೇತ ಕಳೆದುಕೊಳ್ಳುವ ಸೆನ್ಸರ್ ತಣಿದ ಬಳಿಕ ಮತ್ತೆ ಕೆಲಸ ಮಾಡಬಹುದು. ಹೀಗಾಗಿ ಕಾರು ಗ್ಯಾರೇಜು ತಲುಪುವ ಹೊತ್ತಿಗೆ ಸರಿಯಾಗಿಯೇ ಓಡುತ್ತಿರುತ್ತದೆ.

ಇಂಧನ ಪಂಪಿನ ದೋಷ ಬೇರೆ ಬಗೆಯದು. ಟ್ಯಾಂಕಿನೊಳಗಿನ ಪಂಪಿನಲ್ಲಿ ಪ್ಲಾಸ್ಟಿಕ್ಕಿನ ಇಂಪೆಲ್ಲರ್ ಎಂಬ ಸಣ್ಣ ಚಕ್ರವಿರುತ್ತದೆ. ಜಪಾನಿನ ಡೆನ್ಸೊ ಸಂಸ್ಥೆ ತಯಾರಿಸಿದ ಕೆಲವು ಪಂಪುಗಳಲ್ಲಿ ಈ ಚಕ್ರದ ಸಾಂದ್ರತೆ ಕಡಿಮೆಯಿದ್ದು, ಅದು ಇಂಧನವನ್ನು ಹೀರಿ ಉಬ್ಬಿ, ಪಂಪಿನ ಕವಚಕ್ಕೆ ಉಜ್ಜುತ್ತಿತ್ತು. ಪಂಪು ನಿಂತರೆ ಎಂಜಿನ್ನೂ ನಿಲ್ಲುತ್ತದೆ. 2020ರ ಜನವರಿಯಲ್ಲಿ ಟೊಯೊಟಾ ಅಮೆರಿಕದಲ್ಲಿ ಇದೇ ಕಾರಣಕ್ಕೆ ಸುಮಾರು 7 ಲಕ್ಷ ವಾಹನಗಳನ್ನು ಹಿಂಪಡೆಯಿತು.

ಭಾರತದಲ್ಲಿ ಹಿಂಪಡೆತಗಳು

ಹೋಂಡಾ ಕಾರ್ಸ್ ಇಂಡಿಯಾ ಇಂಧನ ಪಂಪು ಬದಲಿಸಲು 2020ರ ಜೂನ್‌ನಲ್ಲಿ 65,651, 2021ರ ಏಪ್ರಿಲ್‌ನಲ್ಲಿ 77,954 ಮತ್ತು 2024ರ ಅಕ್ಟೋಬರ್‌ನಲ್ಲಿ 90,468 ಕಾರುಗಳನ್ನು ಹಿಂಪಡೆಯಿತು. ಮಾರುತಿ ಸುಜುಕಿ 2020ರ ಜುಲೈಯಲ್ಲಿ ವ್ಯಾಗನ್ ಆರ್ ಮತ್ತು ಬಲೆನೊ ಸೇರಿ 1,34,885 ಕಾರುಗಳ ಪಂಪನ್ನು ಉಚಿತವಾಗಿ ಪರಿಶೀಲಿಸುವುದಾಗಿ ಘೋಷಿಸಿತು. ಬಲೆನೊದ ರೂಪಾಂತರವಾದ ಗ್ಲಾಂಜಾವನ್ನು ಮಾರುವ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಕೂಡ ಅದೇ ತಿಂಗಳಲ್ಲಿ ಸುಮಾರು 6,500 ಕಾರುಗಳನ್ನು ಹಿಂಪಡೆಯಿತು.

ಮಾಲೀಕರ ದೂರುಗಳು

ಈ ದೋಷದ ದೂರುಗಳು ಸುಲಭವಾಗಿ ತಳ್ಳಿಹಾಕಲ್ಪಡುತ್ತವೆ. ‘ಪರೀಕ್ಷೆಯಲ್ಲಿ ದೋಷ ಕಂಡುಬರಲಿಲ್ಲ’ ಎಂಬ ಉತ್ತರ ಸುಳ್ಳಾಗಿರಬೇಕೆಂದಿಲ್ಲ, ಆದರೆ ಅದು ದೋಷವಿಲ್ಲ ಎಂಬುದಕ್ಕೆ ಪುರಾವೆಯೂ ಅಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಪ್ರಕರಣ ಇದಕ್ಕೆ ನಿದರ್ಶನ. ಷೆವರ್ಲೆ ಕೊಬಾಲ್ಟ್ ಮುಂತಾದ ಕಾರುಗಳ ಇಗ್ನಿಷನ್ ಸ್ವಿಚ್ ತಾನಾಗಿ ಜಾರಿ ಎಂಜಿನ್ ನಿಲ್ಲುತ್ತಿದೆಯೆಂಬ ದೂರುಗಳು 2005ರ ಹೊತ್ತಿಗೇ ಇದ್ದವು. ಸಂಸ್ಥೆಯು ಇದನ್ನು ಸುರಕ್ಷತೆಯ ವಿಷಯವಾಗಿ ನೋಡದೆ ಗ್ರಾಹಕರ ಅನುಕೂಲದ ವಿಷಯವೆಂದು ಪರಿಗಣಿಸಿತು. ಸ್ವಿಚ್ ಜಾರಿದಾಗ ಏರ್‌ಬ್ಯಾಗ್ ಕೂಡ ತೆರೆಯುತ್ತಿರಲಿಲ್ಲ. ಹಿಂಪಡೆತ ಆರಂಭವಾದದ್ದು 2014ರಲ್ಲಿ. ಪರಿಹಾರ ನಿಧಿಯು 124 ಸಾವುಗಳನ್ನು ಈ ದೋಷಕ್ಕೆ ಸಂಬಂಧಿಸಿದವೆಂದು ಒಪ್ಪಿಕೊಂಡಿತು.

ಕಾನೂನು

ಭಾರತದ ವಾಹನ ತಯಾರಕರ ಸಂಘವು 2012ರ ಜುಲೈಯಲ್ಲಿ ಸ್ವಯಂಪ್ರೇರಿತ ಹಿಂಪಡೆತದ ಸಂಹಿತೆಯನ್ನು ಜಾರಿಗೆ ತಂದಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 110ಎ ಪ್ರಕರಣವು, ನಿಗದಿತ ಪ್ರಮಾಣದ ಮಾಲೀಕರು ದೂರಿದಾಗ ಕಡ್ಡಾಯ ಹಿಂಪಡೆತಕ್ಕೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡುತ್ತದೆ. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಅನ್ವಯವಾದವು. ತಯಾರಾಗಿ ಏಳು ವರ್ಷ ಮೀರದ ವಾಹನಗಳು ಇದರ ವ್ಯಾಪ್ತಿಗೆ ಬರುತ್ತವೆ. ದಂಡ 1 ಕೋಟಿ ರೂಪಾಯಿವರೆಗೆ ಇರಬಹುದು. ದೂರುಗಳ ಸಂಖ್ಯೆಯೇ ಇಲ್ಲಿ ಒಂದು ಮಾನದಂಡವಾಗಿರುವುದರಿಂದ, ಗ್ಯಾರೇಜಿನಲ್ಲಿ ಬಾಯಿಮಾತಿನಲ್ಲೇ ಮುಗಿದುಹೋಗುವ ದೂರು ಲೆಕ್ಕಕ್ಕೆ ಬರುವುದಿಲ್ಲ.

ವೈಯಕ್ತಿಕ ಪರಿಹಾರದ ಮಾರ್ಗ ಗ್ರಾಹಕ ಸಂರಕ್ಷಣಾ ಕಾಯ್ದೆ, 2019. ಈ ಕಾಯ್ದೆಯಡಿ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಹುಲಿಹೈದರದ ನಿವಾಸಿಯೊಬ್ಬರು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕಾರು ಕೊಂಡಿದ್ದರೂ ಕೊಪ್ಪಳದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಸಾಕು. ದೂರಿಗೆ ಎರಡು ವರ್ಷಗಳ ಕಾಲಮಿತಿಯಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. 10 ಲಕ್ಷದವರೆಗೆ 200 ರೂಪಾಯಿ. ದೋಷ ಕಣ್ಣಿಗೆ ಕಾಣದಂಥದ್ದಾದರೆ ಆಯೋಗವು ಪ್ರಯೋಗಾಲಯದ ಪರೀಕ್ಷೆಗೆ ಆದೇಶಿಸಬಹುದು. ಪ್ರತಿ ಭೇಟಿಯ ಜಾಬ್ ಕಾರ್ಡ್‌ನಲ್ಲಿ ಕಾರು ನಿಂತ ದಿನಾಂಕ, ವೇಗ ಮತ್ತು ಓಡಿದ ಕಿಲೋಮೀಟರ್ ಬರೆಸಿರುವುದು ಇಂತಹ ವಿಚಾರಣೆಯಲ್ಲಿ ಮುಖ್ಯ ಸಾಕ್ಷ್ಯವಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕಾರುಗಳು

ಹಿಂಪಡೆತದ ಸೂಚನೆಯನ್ನು ಕಂಪನಿಯು ತನ್ನ ದಾಖಲೆಯಲ್ಲಿರುವ ಮಾಲೀಕರಿಗೆ ಕಳುಹಿಸುತ್ತದೆ. ಕಾರು ಕೈಬದಲಾಗಿದ್ದರೆ ಅದು ಹಳೆಯ ಮಾಲೀಕರ ವಿಳಾಸಕ್ಕೇ ಹೋಗಬಹುದು. ಕಂಪನಿಯ ಜಾಲತಾಣದಲ್ಲಿ ಚಾಸಿ ಸಂಖ್ಯೆ ನಮೂದಿಸಿದರೆ ಕಾರು ಹಿಂಪಡೆತದ ಪಟ್ಟಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಪಟ್ಟಿಯಲ್ಲಿದ್ದರೆ, ಕಾರು ಎಷ್ಟನೆಯ ಮಾಲೀಕರ ಬಳಿ ಇದ್ದರೂ ದೋಷದ ಭಾಗವನ್ನು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಉಚಿತವಾಗಿ ಬದಲಿಸಿಕೊಡಲಾಗುತ್ತದೆ.