ಓನರ್ ಹೆಸರಿನ ಲಕೋಟೆ

ಚಾಮರಾಜನಗರದಲ್ಲಿ ನಾವು ಬಾಡಿಗೆಗಿದ್ದ ಮನೆಗೆ ನಮ್ಮ ಹೆಸರಿಗಿಂತ ಓನರ್ ಹೆಸರಿಗೇ ಹೆಚ್ಚು ಟಪಾಲು ಬರುತ್ತಿತ್ತು. ಅವರು ಮೈಸೂರು ಸೇರಿ ಆರು ವರ್ಷವಾಗಿದ್ದರೂ ಬ್ಯಾಂಕು, ವಿಮೆ, ನಗರಸಭೆ ಎಲ್ಲ ಕಡೆಯೂ ಇದೇ ವಿಳಾಸ, ಇದೇ 571313. ಬಂದದ್ದನ್ನೆಲ್ಲ ಬಿಸ್ಕತ್ ಡಬ್ಬದಲ್ಲಿ ಹಾಕಿಟ್ಟು ಅವರು ಬಾಡಿಗೆಗೆ ಬಂದಾಗ ಕೊಡುತ್ತಿದ್ದೆ. ಚೆನ್ನಾಗಿದ್ದಷ್ಟು ದಿನ ಅದು ಉಪಕಾರವಾಗಿತ್ತು. ಬಾಡಿಗೆ ಏರಿಸುವ ಮಾತಿಗೆ ಮನಸ್ತಾಪವಾಗಿ ಅವರು ಬರುವುದು ನಿಂತಿತು, ಡಬ್ಬ ತುಂಬಿತು. ಕೊನೆಗೆ ಫೋನಿನಲ್ಲಿ ಹೇಳಿದರು: ‘ನನ್ನ ಕಾಗದ ಬಚ್ಚಿಟ್ಟಿದ್ದೀರಿ, ಮನೆ ಖಾಲಿ ಮಾಡಿ.’

ನಾನು ಮಾಡಬೇಕಿದ್ದದ್ದು ಸುಲಭದ ಕೆಲಸ. ಲಕೋಟೆ ಒಡೆಯದೆ, ಮೇಲೆ ‘ಈ ವಿಳಾಸದಲ್ಲಿ ವಾಸವಿಲ್ಲ’ ಎಂದು ಬರೆದು ಪೋಸ್ಟ್‌ಮನ್ ಕೈಗೆ ಅಂದೇ ವಾಪಸ್ ಕೊಡಬೇಕಿತ್ತು. ಬೇರೆಯವರ ಟಪಾಲನ್ನು ಮೋಸದಿಂದ ಇಟ್ಟುಕೊಂಡರೆ 1898ರ ಅಂಚೆ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಜೈಲಿತ್ತು. 2024ರ ಜೂನ್ 18ರಂದು ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಆ ಕಲಂ ಇಲ್ಲ. ಹಾಗೆಂದು ಇಟ್ಟುಕೊಳ್ಳುವುದು ಸರಿಯಾಗುವುದಿಲ್ಲ. ವ್ಯಾಜ್ಯ ಬಂದಾಗ ನಮ್ಮ ನಡತೆಯ ಮೇಲೆ ಅನುಮಾನಕ್ಕೆ ಅದೇ ಸಾಕು.

ಆಮೇಲೆ ನಮ್ಮ ಹೆಸರಿಗೇ ಒಂದು ಬಂತು. ‘ಮೇಡಂ, ಲಾಯರ್ ಕಡೆಯಿಂದ ರಿಜಿಸ್ಟರ್ ಬಂದದೆ, ಸೈನ್ ಹಾಕಿ ಈಸ್ಕೊಳಿ’ ಎಂದರು ಪೋಸ್ಟ್‌ಮನ್. ನಮ್ಮ ಮನೆಯವರಿಗೆ ಗುಂಡ್ಲುಪೇಟೆಯಲ್ಲಿ ಅಂಗಡಿ. ದಿನಾ ತೆರಕಣಾಂಬಿ ಮೇಲೆ ಬಸ್ಸಿನಲ್ಲಿ ಓಡಾಟ. ಫೋನ್ ಮಾಡಿದೆ. ‘ಈಸ್ಕಬೇಡ ಕಣೇ, ಈಸ್ಕಂಡ್ರೆ ತಾನೆ ಕೇಸು?’ ಎಂದರು. ಬೇಡವೆಂದು ಕಳಿಸಿಬಿಟ್ಟೆ.

ಆ ಲಕೋಟೆಯನ್ನು ಮತ್ತೆ ನೋಡಿದ್ದು ಕೋರ್ಟಿನಲ್ಲಿ, ಅವರ ಕಡೆಯ ದಾಖಲೆಗಳ ನಡುವೆ. ಅಂಚು ಮುದುರಿತ್ತು, ಅಂಟು ಬಿಟ್ಟಿರಲಿಲ್ಲ. ಮೂಲೆಯಲ್ಲಿ ನೀಲಿ ಪೆನ್ನಿನಲ್ಲಿ ‘ನಿರಾಕರಿಸಿದ್ದಾರೆ’ ಎಂಬ ಒಂದೇ ಪದ, ಕೆಳಗೆ ತಾರೀಖು, ಮುದ್ರೆ. ‘ನೀವು ಬೇಡ ಅಂದಿರಲ್ಲಮ್ಮ, ಆವತ್ತೇ ಮುಟ್ಟಿತು ಅಂತ ಲೆಕ್ಕ’ ಎಂದರು ನಮ್ಮ ವಕೀಲರು. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ ಮಾಡಿ ಕಳಿಸಿದ್ದು ತಲುಪಿದೆ ಎಂದೇ 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಕಲಂ ಭಾವಿಸುತ್ತದೆ. ಅಲ್ಲ ಎಂದು ಸಾಬೀತು ಮಾಡುವ ಹೊರೆ ನಮ್ಮದು. ಈಸಿಕೊಂಡಿದ್ದರೆ ಒಳಗೇನಿದೆ ಎಂದು ಓದಿ ಉತ್ತರವನ್ನಾದರೂ ಕೊಡಬಹುದಿತ್ತು. ಆ ಅವಕಾಶವನ್ನು ನಾನೇ ಬಾಗಿಲಲ್ಲಿ ಕಳೆದುಕೊಂಡೆ.

ತಿಂಗಳ ಬಾಡಿಗೆಯ ಮನೆ ಬಿಡಿಸಲು ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನಗಳ ಲಿಖಿತ ನೋಟಿಸ್ ಸಾಕು. ಕರ್ನಾಟಕ ಬಾಡಿಗೆ ಕಾಯ್ದೆ, 1999 ಹೆಚ್ಚು ರಕ್ಷಣೆ ಕೊಡುತ್ತದಾದರೂ, ವಾಸದ ಮನೆಗೆ ಅದರ ಮಿತಿ ದೊಡ್ಡ ನಗರಗಳಲ್ಲಿ 3,500, ಉಳಿದೆಡೆ 2,000 ರೂಪಾಯಿ. ಆ ಬಾಡಿಗೆಗೆ ಈಗ ಮನೆ ಎಲ್ಲಿದೆ? ಆದರೆ ನೋಟಿಸ್ ಕೊಟ್ಟ ಮಾತ್ರಕ್ಕೆ ಬೀಗ ಹಾಕಿ ಸಾಮಾನು ಹೊರಗೆಸೆಯುವ ಅಧಿಕಾರ ಯಾರಿಗೂ ಇಲ್ಲ. ಬಿಡದಿದ್ದರೆ ಕೋರ್ಟಿಗೆ ಹೋಗಿ ಆದೇಶ ತರಬೇಕು.

ಓನರ್ ಹೆಸರಿನ ಕಾಗದ ನಮಗೇಕೆ ಎಂದು ಪೂರ್ತಿ ಕಣ್ಣು ಮುಚ್ಚಿಕೊಳ್ಳುವಂತೆಯೂ ಇಲ್ಲ. ಮನೆ ಅಡವಿಟ್ಟ ಸಾಲ ಕಟ್ಟದಿದ್ದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಅವರಿಗೆ 60 ದಿನಗಳ ನೋಟಿಸ್ ಕೊಡುತ್ತದೆ. ಆಮೇಲೆ ಸ್ವಾಧೀನದ ನೋಟಿಸನ್ನು ಗೋಡೆಗೆ ಅಂಟಿಸುತ್ತದೆ. ಅದು ಕಂಡ ದಿನವೇ ಫೋಟೋ ತೆಗೆದು, ಅಗ್ರಿಮೆಂಟು, ಬಾಡಿಗೆ ರಸೀದಿ ಹಿಡಿದು ವಕೀಲರ ಬಳಿ ಹೋಗಬೇಕು. ಬಾಡಿಗೆದಾರರು ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು 2016ರ ತಿದ್ದುಪಡಿ ದಾರಿ ಮಾಡಿಕೊಟ್ಟಿದೆ.

ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ, ಸಹಾಯವಾಣಿ 15100. ಇದು ನನಗೆ ತಡವಾಗಿ ತಿಳಿಯಿತು. ನಮಗೆ ವಕೀಲರನ್ನು ಕೊಟ್ಟದ್ದೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವೇ. ಲೋಕ ಅದಾಲತ್‌ನಲ್ಲಿ ರಾಜಿಯಾಗಿ, ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಇರಲು ಒಪ್ಪಿದರು. ಕೀಲಿ ಕೊಡುವ ದಿನ ಡಬ್ಬದಲ್ಲಿದ್ದ ಹದಿನಾಲ್ಕು ಲಕೋಟೆಗಳನ್ನು ಒಂದೊಂದಾಗಿ ಎಣಿಸಿ ಪಟ್ಟಿ ಬರೆದೆ. ಓನರ್ ಓದಿ ನೋಡಿ ಕೆಳಗೆ ಸಹಿ ಹಾಕಿದರು. ಆ ಹಾಳೆ ಅಡ್ವಾನ್ಸ್ ವಾಪಸಾದ ರಸೀದಿಯ ಜೊತೆಗೇ ಇದೆ.